ಮೊಳೆಯ ಎತ್ತರ

ಯಾರದೋ ಕೊಡತಿ ತಾಳ ತಪ್ಪಿತು, ಟಕ್ ಟಕ್ ಟಕ್ ಎಂದು ಮೂರು ಕೈಗಳಿಂದ ಒಂದೇ ಹುರಿಯಾಗಿ ಹೊಸೆದುಕೊಂಡು ಬರುತ್ತಿದ್ದ ಸದ್ದಿನಲ್ಲಿ ಒಂದು ಎಳೆ ಹಿಂದೆ ಬಿತ್ತು, ಆ ಬಿರುಕಿನೊಳಗಿಂದ ಕೊಲ್ಲಿಯಲ್ಲಿ ನಿಂತ ಹಾಯಿದೋಣಿಯ ಕಂಬಕ್ಕೆ ಹಗ್ಗ ಬಡಿಯುವುದೂ ದೀವಿಹಲಸಿನ ಮರದಿಂದ ಏನೋ ಕಳಚಿ ಬಿದ್ದದ್ದೂ ಕೇಳಿಸಿತು — ತಪ್ಪಿದ್ದು ತನ್ನದೇ ಕೈ ಎಂದು ಲೆಸಿಯೆಲಿಗೆ ತಿಳಿಯಲು ಇನ್ನೆರಡು ಏಟು ಬೇಕಾಯಿತು. ಜೋಪಾನ ಕಣೇ, ಬೆರಳು ಜಜ್ಜಿಕೊಂಡರೆ ಆಕ್ಲೆಂಡಿನಲ್ಲಿ ಪೆನ್ನು ಹಿಡಿಯೋರು ಯಾರು, ಎಂದಳು ಪಕ್ಕದ ಮನೆಯ ಪಿಸಿಲಾ ದಿಮ್ಮಿಯ ಆ ತುದಿಯಿಂದ, ಕೊಡತಿ ನಿಲ್ಲಿಸದೆಯೇ. ಆಕ್ಲೆಂಡು ಅಂತ ಯಾರು ಹೇಳಿದರು ನಿನಗೆ, ಅವಳಿನ್ನೂ ಬಾಯಿ ಬಿಟ್ಟಿಲ್ಲ, ಎಂದಳು ನಡುವೆ ಕೂತ ಟೆಮಲೆಟಿ ಅತ್ತೆ, ಅಪ್ಪನ ಅಕ್ಕ, ಈ ಮನೆಯಲ್ಲಿ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ ಇರುವವಳು. ಬಾಯಿ ಬಿಡದಿದ್ದರೇನು, ಬೇರೆಲ್ಲಿಗೆ ಹೋಗ್ತಾಳೆ, ಕ್ಯಾನ್‌ಬೆರಾದಲ್ಲಿ ಇವಳಿಗೆ ಯಾರಿದ್ದಾರೆ, ಕಾಂಗರೂನಾ? ಪಿಸಿಲಾ ನಕ್ಕರೆ ಅವಳ ಭುಜ, ಅವಳ ಎದೆ, ಅವಳು ಕೂತ ಚಾಪೆ ಎಲ್ಲವೂ ನಗುತ್ತವೆ. ಲೆಸಿಯೆಲಿ ತಾಳಕ್ಕೆ ಮರಳಿದಳು, ಅವರಿಬ್ಬರ ಏಟಿನ ನಡುವಿನ ಸಂದಿಗೆ ತನ್ನ ಏಟನ್ನು ಇಳಿಸಿದಳು, ಬಡಿದು ಬಟ್ಟೆ ಮಾಡುವ ಹಿಪ್ಪುನೇರಳೆಯ ಒದ್ದೆ ತೊಗಟೆ ಕೊಡತಿಯ ಗೀರುಗಳ ಕೆಳಗೆ ಅಗಲವಾಗುತ್ತಿತ್ತು, ಅಂಗೈಯಷ್ಟಿದ್ದದ್ದು ಈಗ ಮೊಳದ ಹತ್ತಿರ ಬಂದಿದೆ, ನೋಡಿದವರು ಬೆಳೆಯಿತು ಅನ್ನುತ್ತಾರೆ, ಆದರೆ ತೂಕಕ್ಕಿಟ್ಟರೆ ಮೊದಲಿನಷ್ಟೇ, ಇಲ್ಲ, ನೀರಾರಿ ಇನ್ನೂ ಕಡಿಮೆ, ಹಿಗ್ಗಿದ್ದೆಲ್ಲ ಹೆಚ್ಚಿದ್ದಲ್ಲ, ತೆಳ್ಳಗಾಗದೆ ಯಾವುದೂ ಇಷ್ಟು ಅಗಲವಾಗುವುದಿಲ್ಲ — ಇದನ್ನು ಎಲ್ಲಾದರೂ ಬರೆದಿಡಬೇಕು, ಲೊಲೊಹೆಯಾ ಮೇಷ್ಟ್ರಿಗೆ ಹೇಳಿದರೆ ಕನ್ನಡಕ ಹಣೆಗೇರಿಸಿ, ಒಂದು ದೇಶಕ್ಕೂ ಈ ಮಾತು ಸಲ್ಲುತ್ತೆ ಕಣಮ್ಮ ಅನ್ನುತ್ತಿದ್ದರು.

ಇವತ್ತು ಸಂಜೆ ಕಚೇರಿ ಬಾಗಿಲು ಹಾಕುವುದರೊಳಗೆ ರಾಜಧಾನಿ ನುಕುಅಲೋಫಾಕ್ಕೆ ಫೋನು ಮಾಡಿ ಒಂದು ಊರಿನ ಹೆಸರು ಹೇಳಬೇಕು. ವಿದ್ಯಾರ್ಥಿವೇತನದ ಹೆಂಗಸಿನ ದನಿ ಬೆಲ್ಲದಂಥದ್ದು, ಎರಡೂ ಕಡೆ ಸೀಟು ಸಿಕ್ಕಿದೆ ಮಗಳೇ, ಪುಣ್ಯವಂತೆ, ಆದರೆ ಎರಡು ದೋಣಿಯಲ್ಲಿ ಕಾಲಿಡೋಕಾಗಲ್ಲ ನೋಡು, ಶುಕ್ರವಾರದೊಳಗೆ ಒಂದು ಹೇಳಿಬಿಡು, ಎರಡೂ ಒಳ್ಳೆಯವೇ. ಎರಡೂ ಒಳ್ಳೆಯವು ಎನ್ನುವುದೇ ಕಷ್ಟ, ಒಂದು ಕೆಟ್ಟದ್ದಾಗಿದ್ದರೆ ಯಾರು ಯೋಚನೆ ಮಾಡುತ್ತಿದ್ದರು. ಎರಡರಲ್ಲೂ ಅರ್ಥಶಾಸ್ತ್ರವೇ, ಎರಡರಲ್ಲೂ ಮೊದಲ ವರ್ಷ ಗಣಿತ, ಸಂಖ್ಯಾಶಾಸ್ತ್ರ, ಆಮೇಲೆ ದಾರಿ ಕವಲಾಗುತ್ತದೆ. ಆಕ್ಲೆಂಡಿನಲ್ಲಿ ವಾಣಿಜ್ಯದ ಕಡೆಗೆ ವಾಲಬಹುದು, ಬ್ಯಾಂಕು, ಕಂಪನಿ, ಬೇಗ ಕೆಲಸ. ಕ್ಯಾನ್‌ಬೆರಾದಲ್ಲಿ ನಮ್ಮಂಥ ದ್ವೀಪಗಳನ್ನೇ ಓದುವವರಿದ್ದಾರೆ, ಮೇಷ್ಟ್ರು ಓದಿದ್ದೂ ಅಲ್ಲೇ, ಬೆಲೆ ಅಂದರೆ ಏನು ಎಂದು ಅವರು ಮೊದಲ ದಿನವೇ ಕೇಳಿದ್ದರು, ಇಡೀ ತರಗತಿ ದುಡ್ಡು ಸಾರ್ ಎಂದಿತ್ತು, ಅಲ್ಲ, ಇದನ್ನು ಆರಿಸಿಕೊಂಡಿದ್ದಕ್ಕೆ ಕೈಬಿಟ್ಟು ಹೋಯಿತಲ್ಲ ಇನ್ನೊಂದು, ಅದು ಬೆಲೆ, ಭಾನುವಾರ ಚರ್ಚಿನಲ್ಲಿ ಕೂತವನಿಗೆ ಆ ಪ್ರಾರ್ಥನೆಯ ಬೆಲೆ ಅವನು ಹಿಡಿಯದ ಮೀನು — ಎಂದವರು ನಾಲಗೆ ಕಚ್ಚಿಕೊಂಡರು, ಪಾದ್ರಿಯ ಮಗ ಮೊದಲ ಬೆಂಚಿನಲ್ಲಿದ್ದ. ಕ್ಯಾನ್‌ಬೆರಾಕ್ಕೇ ಹೋಗು ಲೆಸಿಯೆಲಿ, ಎಂದಿದ್ದರು ಆಮೇಲೊಮ್ಮೆ, ಆಕ್ಲೆಂಡಿನ ತುಂಬ ನಮ್ಮವರೇ, ಅಲ್ಲಿಗೆ ಹೋದರೆ ನೀನು ಓದಲ್ಲ, ಅಡುಗೆ ಬಡಿಸ್ತೀಯ, ಶನಿವಾರ ಮದುವೆ, ಮಂಗಳವಾರ ಸಾವು, ನಿನ್ನ ಪರೀಕ್ಷೆ ದಿನವೇ ನೋಡಿಕೊಂಡು ಯಾವನೋ ಒಬ್ಬ ಚಿಕ್ಕಪ್ಪ ಸಾಯ್ತಾನೆ. ಮೇಷ್ಟ್ರ ಮಾತು ಸುಳ್ಳಲ್ಲ. ಅವಳು ಅರ್ಜಿಯ ಜೊತೆ ಬರೆದ ಪ್ರಬಂಧವೂ ಅದೇ, ಯಾರೂ ಮಾರದ, ಯಾರೂ ಕೊಳ್ಳದ, ಮದುವೆ ಸಾವುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇರುವ ಈ ತೊಗಟೆಬಟ್ಟೆ ಹೇಗೆ ತನ್ನ ಮಾನ ಉಳಿಸಿಕೊಂಡಿದೆ, ಕೊಟ್ಟವನು ಯಾಕೆ ಬಡವನಾಗುವುದಿಲ್ಲ. ಅದಕ್ಕೆ ಉತ್ತರ ಹುಡುಕುವ ಊರು ಕ್ಯಾನ್‌ಬೆರಾ, ತಲೆಗೆ ಗೊತ್ತು. ಆ ಊರಿಗೆ ಸಮುದ್ರವಿಲ್ಲ, ಮನುಷ್ಯರು ಕಟ್ಟಿ ನಿಲ್ಲಿಸಿದ ಒಂದು ಕೆರೆ ಇದೆ, ಚಿತ್ರದಲ್ಲಿ ಅದರ ನೀರು ಇಸ್ತ್ರಿ ಮಾಡಿದ ಹಾಗಿತ್ತು. ಚಳಿಗಾಲದಲ್ಲಿ ಹುಲ್ಲು ಬೆಳ್ಳಗಾಗುತ್ತದಂತೆ. ಯಾರೂ ಗುರುತಿಲ್ಲದ, ಯಾರೂ ಸಾಯದ ಊರು. ಮತ್ತೆ ಆಕ್ಲೆಂಡಿನಲ್ಲಿ — ಆಕ್ಲೆಂಡಿನಲ್ಲಿ ಕೆಲೆಪಿ ಇದ್ದಾನೆ.

ಈ ಹೆಸರನ್ನು ಅವಳು ಮನಸ್ಸಿನಲ್ಲಿ ಕೂಡ ಮೆಲ್ಲಗೆ ಅನ್ನುತ್ತಾಳೆ, ಚರ್ಚಿನೊಳಗೆ ಕೆಮ್ಮಿದ ಹಾಗೆ. ಒಂದು ಕಾಲದಲ್ಲಿ ಅದನ್ನು ಎಷ್ಟು ಜೋರಾಗಿ ಕೂಗುತ್ತಿದ್ದಳು, ಕೆಲೆಪೀ ಬಾರೋ, ಕೆಲೆಪೀ ತಡಿಯೋ, ದಿಬ್ಬದ ಮೇಲಿಂದ ಕೊಲ್ಲಿಯ ಆಚೆ ದಡಕ್ಕೆ ಮುಟ್ಟುವಂತೆ, ಬರೀ ಅಣ್ಣ ತಂಗಿ ಅಲ್ಲ ಇವು, ಒಂದೇ ಬೀಜದ ಎರಡು ಬೇಳೆ ಅಂತ ಅಮ್ಮ ಬೈಯುತ್ತಿದ್ದಳು. ಒಂದೇ ಕಬ್ಬಿನ ಜಲ್ಲೆಗೆ ಅವನು ಒಂದು ಸಲ ಬಾಯಿ, ಇವಳು ಒಂದು ಸಲ ಬಾಯಿ, ಗಿಣ್ಣು ಬಂದಾಗ ಅವನ ಪಾಲು. ಹವಳದ ದಂಡೆಯ ಆಚೆ ನೀರು ಕಡುನೀಲಿಯಾಗುವ ಕಡೆ ಅವನು ಮುಳುಗಿದಾಗ ಇವಳು ಮೇಲೆ ತೇಲುತ್ತ ಅವನ ಬೆನ್ನನ್ನೇ ನೋಡುವುದು, ಬೆನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಆಮೇಲೆ ಮುಖ ಮೇಲಾಗಿ ದೊಡ್ಡದಾಗುತ್ತ ಬರುವುದು, ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಬಿಟ್ಟುಕೊಂಡು, ನೀರಿನಡಿಯಿಂದಲೇ ನಗುತ್ತ, ನಗಬೇಡವೋ ನೀರು ಕುಡೀತೀಯ — ಆ ಮುಖ ಈಗ ಹೇಗಿದೆ? ಹುಬ್ಬಿನ ಮೇಲಿನ ಗಾಯದ ಕಲೆ ಹಾಗೇ ಇದೆಯಾ? ಎಲ್ಲ ಒಂದೇ ಮಧ್ಯಾಹ್ನ ಮುಗಿಯಿತು. ಅವಳ ಮೈ ಅವಳಿಗೆ ಹೇಳದೆ ದೊಡ್ಡದಾದ ದಿನ, ಅತ್ತೆ ಬಂದಳು, ದೊಡ್ಡ ಹೆಂಗಸರು ಉಡುವಂತೆ ಸೊಂಟಕ್ಕೆ ಹೊಸ ಚಾಪೆ ಸುತ್ತಿದಳು, ಎಣ್ಣೆ ಹಚ್ಚಿದಳು, ಇವತ್ತಿನಿಂದ ನೀನು ಅವನಿಗೆ ದೊಡ್ಡವಳು ಕಣೇ, ಅವನು ನಿನ್ನೆದುರು ಕೂರೋ ಹಾಗಿಲ್ಲ, ನಿನ್ನ ತಟ್ಟೆಗೆ ಕೈ ಹಾಕೋ ಹಾಗಿಲ್ಲ, ನೀನಿರೋ ಸೂರಿನಡಿ ಮಲಗೋ ಹಾಗಿಲ್ಲ, ಇದು ಮರ್ಯಾದೆ, ಜಗಳ ಅಲ್ಲ, ಅಳಬೇಡ. ಅಷ್ಟು ಹೊತ್ತಿಗೆ ಅವನ ಚಾಪೆ ದಿಂಬು ದೀವಿಹಲಸಿನ ಹಿಂದಿನ ಗುಡಿಸಿಲಿಗೆ ಹೋಗಿಯಾಗಿತ್ತು. ಕೆಲೆಪೀ ಎಂದು ಅವಳು ಕಿಟಕಿಯಿಂದ ಕೂಗಿದಳು, ಅಭ್ಯಾಸದಂತೆ, ಮರದ ಕೆಳಗೆ ಅವನು ನಿಂತ, ತಿರುಗಿ ನೋಡಿದ, ಪೂರ್ತಿ ಮುಖ, ತುಟಿ ಕಚ್ಚಿಕೊಂಡಿದ್ದ, ಆಮೇಲೆ ಯಾರೋ ಹೇಳಿಕೊಟ್ಟ ಹಾಗೆ ತಲೆ ತಗ್ಗಿಸಿ ಬೆನ್ನು ಹಾಕಿ ಹೋದ. ಅದೇ ಮುಸ್ಸಂಜೆ ಅಡುಗೆ ಮನೆಯ ಹಿಂಬಾಗಿಲ ಹತ್ತಿರ ಟಕ್ ಟಕ್ ಟಕ್, ಕಲ್ಲಿನಿಂದ ಏನನ್ನೋ ಹೊಡೆಯುವ ಸದ್ದು, ಏನೋ ಅದು ಎಂದಳು ಅಮ್ಮ. ಬೆಳಿಗ್ಗೆ ಎದ್ದರೆ ಬಾಗಿಲ ಕಂಬಕ್ಕೆ ಒಂದು ಮೊಳೆ, ಮೊಳೆಗೆ ತೆಂಗಿನ ಗರಿಯ ಕುಣಿಕೆ, ಕುಣಿಕೆಯಲ್ಲಿ ಕಿವಿರಿನಿಂದ ತೂಗುತ್ತಿದ್ದ ಒಂದು ಗಿಳಿಮೀನು, ನೀಲಿ, ಬಾಲದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಸಮುದ್ರಕ್ಕಿಳಿಯಲು ಆದ ದಿನವೆಲ್ಲ ಆ ಮೊಳೆಗೆ ಏನಾದರೊಂದು. ಮೀನಿಲ್ಲದ ದಿನ ಒಂದು ಮಾಗಿದ ಪಪ್ಪಾಯಿ, ಕಟ್ಟಿದ ಏಡಿ, ಒಂದು ಸಲ ಬರೀ ಕಬ್ಬಿನ ಜಲ್ಲೆ, ಗಿಣ್ಣು ಕತ್ತರಿಸಿದ್ದು. ಮೊಳೆ ಮಾತ್ರ ಬಹಳ ತಗ್ಗಿನಲ್ಲಿತ್ತು, ಆಗ ಅವಳ ಕೈಗೆ ಎಟುಕಲಿ ಎಂದು ಹೊಡೆದದ್ದು, ದೊಡ್ಡವರ ಸೊಂಟಕ್ಕೆ ತಾಗುತ್ತಿತ್ತು, ಅಮ್ಮನ ಅಗಲವಾದ ಲಂಗ ಅದಕ್ಕೆ ಸಿಕ್ಕಿ ಹರಿದಿತ್ತು, ನಾಯಿಗೆ ಬಡಿಸಿಟ್ಟ ಹಾಗೆ ಇದೆಯಲ್ಲೇ, ಕಿತ್ತು ಮೇಲೆ ಹೊಡೀರೇ ಎಂದು ಅತ್ತೆ ಬಂದಾಗೆಲ್ಲ ಗದರುತ್ತಿದ್ದಳು, ಲೆಸಿಯೆಲಿ ಬಿಡಲಿಲ್ಲ. ಅವಳು ಬೆಳೆದಳು, ಅಪ್ಪನ ಕಡೆಯ ಎತ್ತರ, ಚರ್ಚಿನ ಗಾನದ ಸಾಲಿನಲ್ಲಿ ಹಿಂದೆ ನಿಲ್ಲಿಸುವಷ್ಟು, ಬೆಳೆದಂತೆ ಮೊಳೆಗೆ ಹೆಚ್ಚು ಹೆಚ್ಚು ಬಗ್ಗಿದಳು, ಈಗ ಮೊಣಕಾಲೂರಿದರೆ ಸರಿಹೋಗುತ್ತದೆ. ಅವನು ಆಕ್ಲೆಂಡಿಗೆ ಹೋದ ಮೇಲೂ ಬೆಳಿಗ್ಗೆ ಎದ್ದವಳ ಕಣ್ಣು ಮೊದಲು ಅಲ್ಲಿಗೇ. ಒಣಗಿದ ಕುಣಿಕೆಯೊಂದು ಬಹಳ ದಿನ ತೂಗುತ್ತಿತ್ತು. ಗಾಳಿ ಬಂದಾಗ ತಿರುಗುತ್ತಿತ್ತು.

ಅತ್ತೇ, ನಮ್ಮ ಯಜಮಾನರಿದ್ದಾರಲ್ಲ, ಮೊನ್ನೆ ಕಾವಾ ಬೇರಿನ ಅಮಲು ಏರಿಸಿಕೊಂಡು ಬಂದು ಕತ್ತಲಲ್ಲಿ ನನ್ನ ಚಾಪೆ ಅಂತ ಹಂದಿ ಮಲಗಿದ್ದ ಕಡೆ ಹೋಗಿ, ಎಂದು ಪಿಸಿಲಾ ಶುರುಮಾಡಿದಳು, ಕೊಡತಿ ಮಡಿಲಿಗೆ ಬಂತು, ಅಂದರೆ ಕತೆ ಉದ್ದವಿದೆ, ಹೋಗಿ ಕೈ ಹಾಕಿ, ಏನಮ್ಮಾ ಇವತ್ತು ಇಷ್ಟು ಕೂದಲು ಅಂತ — ಶ್ ಎಂದಳು ಅತ್ತೆ. ಬೇಲಿಯ ಹತ್ತಿರ ತೊಗಟೆಯ ಹೊರೆ ಹೊತ್ತ ಆನೆಯಂಥ ಆಳು, ಚಿಕ್ಕಪ್ಪನ ಮಗ ಸೆಮಿಸಿ, ಒಂದು ಕಾಲದಲ್ಲಿ ಜಿಲ್ಲೆಯ ರಗ್ಬಿ ತಂಡದಲ್ಲಿ ಇಬ್ಬರನ್ನು ಒಟ್ಟಿಗೆ ಕೆಡವುತ್ತಿದ್ದವನು, ಮೂರು ಮಕ್ಕಳ ತಂದೆ, ಲೆಸಿಯೆಲಿಯನ್ನು ಕಂಡದ್ದೇ ಹೊರೆಯನ್ನು ಮುಖಕ್ಕೆ ಅಡ್ಡ ಹಿಡಿದ, ಚಿಕ್ಕಪ್ಪನ ಮಗನೂ ಅಣ್ಣನೇ ಅಲ್ಲವೇ. ಭಾನುವಾರದ ಪ್ರವಚನ ಎಷ್ಟು ಚೆನ್ನಾಗಿತ್ತು ಅಲ್ವಾ ಅತ್ತೆ, ಎಂದಳು ಪಿಸಿಲಾ ಅದೇ ಉಸಿರಿನಲ್ಲಿ, ಕೈ ಮುಗಿಯುವಂಥ ಮುಖ ಮಾಡಿ, ನೋಹನ ನಾವೆ, ಎಲ್ಲ ಪ್ರಾಣಿಗಳೂ, ಹಂದಿ ಕೂಡ. ಹೊರೆಯ ಹಿಂದಿನಿಂದ ಸೆಮಿಸಿಯ ಹೊಟ್ಟೆ ಕುಲುಕಿತು, ಕೇಳಿಸಿದೆ ಅವನಿಗೆ, ಆದರೆ ತಂಗಿಯ ಎದುರು ನಕ್ಕರೆ ಹೇಗೆ, ಹೊರೆ ಧೊಪ್ಪನೆ ಹಾಕಿ ಹೋದವನ ಬೆನ್ನು ಬೇಲಿ ದಾಟುವವರೆಗೆ ತಡೆದುಕೊಂಡು ಮೂವರೂ ಒಟ್ಟಿಗೆ ನಕ್ಕರು, ಲೆಸಿಯೆಲಿಯ ಕಣ್ಣಲ್ಲಿ ನೀರು ಬಂತು, ನಗುವಿನದು, ಆಮೇಲೆ ಬರೀ ನೀರು. ಬೆನ್ನುಗಳು. ತನ್ನ ಅಣ್ಣಂದಿರೆಲ್ಲ ತನಗೆ ಬೆನ್ನುಗಳು. ವಿಮಾನ ನಿಲ್ದಾಣದಲ್ಲಿ ಅಮ್ಮ ಕೆಲೆಪಿಗೆ ಹೂವಿನ ಹಾರ ಹಾಕಿದಳು, ಅವನು ಎಲ್ಲರ ಕೆನ್ನೆಗೆ ಕೆನ್ನೆ ತಾಗಿಸಿ ಲೆಸಿಯೆಲಿಯ ಮುಂದೆ ಬಂದಾಗ ಸೊಂಟದವರೆಗೆ ಬಗ್ಗಿ, ಕಣ್ಣು ಅವಳ ಪಾದದ ಮೇಲಿಟ್ಟು, ಹಾಗೇ ದಾಟಿಹೋದ. ಮುಂದಿನ ಕ್ರಿಸ್‌ಮಸ್ಸಿಗೆ ಪೆಟ್ಟಿಗೆ ಬಂತು, ಅದರಲ್ಲಿ ಅವಳಿಗೆ ಒಂದು ಜೊತೆ ಚಪ್ಪಲಿ, ಅಳತೆ ತೆಗೆದಂತೆ ಪಾದಕ್ಕೆ ಕೂತಿತು, ಒಂದು ಗೆರೆ ಹೆಚ್ಚಿಲ್ಲ ಕಡಿಮೆಯಿಲ್ಲ, ಮತ್ತು ಒಂದು ಬಿಳಿ ನಿಲುವಂಗಿ ಚರ್ಚಿಗೆ, ಅದು ಮೊಣಕಾಲೂ ಮುಟ್ಟಲಿಲ್ಲ, ತೋಳು ಮೊಣಕೈಗೇ ನಿಂತಿತು, ಆ ಊರಿನ ಅಂಗಡಿಯವರು ಬಟ್ಟೆ ಕದೀತಾರೆ ಕಣೇ ಎಂದು ಪಿಸಿಲಾ ಊರಿಗೆಲ್ಲ ಹೇಳಿದಳು, ಅಮ್ಮ ಕೆಳಗೆ ಎರಡು ಗೇಣು ಸೇರಿಸಿ ಹೊಲಿದಳು.

ಆಕ್ಲೆಂಡು ಅಂದರೆ ಅವಳಿಗೆ ಒಂದು ಗೋಡೆ. ವಿಶ್ವವಿದ್ಯಾಲಯದ ಗಡಿಯಾರದ ಗೋಪುರ, ಗಾಜಿನ ಗ್ರಂಥಾಲಯ, ಹುಲ್ಲಿನ ಮೇಲೆ ಮಲಗಿ ಓದುವ ನಗುಮುಖಗಳು, ಅವರು ಕಳಿಸಿದ ಹೊಳೆಯುವ ಹಾಳೆಗಳಲ್ಲಿ ಇದ್ದದ್ದೆಲ್ಲ ಸರಿ, ಆದರೆ ಅವಳು ಕಣ್ಣು ಮುಚ್ಚಿದರೆ ಕಾಣುವುದು ಆ ಊರಿನ ಮಾಂಗೆರೆ ಬಡಾವಣೆಯಲ್ಲಿ ಸೋದರಮಾವನ ಮನೆಯ ಹಿತ್ತಲಿನ ಎರಡು ಕೋಣೆಯ ಬಿಡಾರ, ಕೆಲೆಪಿ ಇರುವುದು ಅಲ್ಲಿ, ಹಗಲು ಗೋದಾಮಿನ ಕೆಲಸ, ಶನಿವಾರ ಮಾವನ ದೋಣಿಯಲ್ಲಿ ಕೆಸರುಗೊಲ್ಲಿಗೆ ಮೀನಿಗೆ ಹೋಗುತ್ತಾನೆ. ಅವಳು ಹೋದರೆ ಅವನು ಮಾವನ ಮನೆಯ ಮುಂಭಾಗಕ್ಕೆ ಹೋದಾನು, ದೊಡ್ಡ ಮನೆ, ಹುಡುಗರ ಕೋಣೆ ಬೇರೆ, ಮರ್ಯಾದೆಗೆ ಕುಂದಿಲ್ಲ. ಸೂರು ಬೇರೆಯಾದರೂ ಬಿಡಾರಕ್ಕೂ ಮನೆಗೂ ನಡುವೆ ಎರಡೇ ಹೆಜ್ಜೆ, ಗೋಡೆ ಹಲಗೆಯದಂತೆ, ತೆಳು. ಅವನ ಕೆಮ್ಮು ಕೇಳಿಸುತ್ತದೆ. ಅವನು ಯಾರಿಗೋ ಏನೋ ಹೇಳಿ ನಗುವುದು ಕೇಳಿಸುತ್ತದೆ, ಆ ನೀರಿನಡಿಯ ನಗು, ಅವಳು ಮೇಜಿನ ಮುಂದೆ ಬೇಡಿಕೆಯ ಗೆರೆ ಪೂರೈಕೆಯ ಗೆರೆ ಎಳೆಯುತ್ತ ಕೂತಿರುತ್ತಾಳೆ, ಗೆರೆಗಳು ಒಂದನ್ನೊಂದು ದಾಟುವ ಬಿಂದುವಿನಲ್ಲಿ ಪೆನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ, ಅಷ್ಟೇ ಸಾಕು, ಮಾತು ಬೇಡ, ಮುಖ ಬೇಡ, ಬೆಳಿಗ್ಗೆ ಬಾಗಿಲು ತೆಗೆದರೆ ಏನಾದರೊಂದು ತೂಗುತ್ತಿರುತ್ತದೆ. ಇಷ್ಟಕ್ಕೆ ಒಂದು ಪದವಿಯೇ? ಮೇಷ್ಟ್ರಿಗೆ ಹೇಗೆ ಹೇಳುವುದು, ಸಾರ್, ನನ್ನ ಎಲ್ಲ ಲೆಕ್ಕ ಕ್ಯಾನ್‌ಬೆರಾ ಅನ್ನುತ್ತದೆ, ಆದರೆ ಒಂದು ಗೋಡೆಯಾಚೆಯ ಕೆಮ್ಮಿಗೆ ಎಷ್ಟು ಅಂಕ ಕೊಡಬೇಕು ನೀವು ಹೇಳಿಕೊಟ್ಟಿಲ್ಲ. ಟಕ್ ಟಕ್ ಟಕ್. ಕೊಡತಿಯನ್ನು ನುಣುಪು ಮಗ್ಗುಲಿಗೆ ತಿರುಗಿಸಿದಳು, ಗೀರು ಹೋಗಿ ಬಟ್ಟೆ ಬಟ್ಟೆಯಾಗುವ ಹೊತ್ತು, ಹೇಳಿಬಿಡೋಣ, ಈಗಲೇ, ಅತ್ತೆ ಎಂದು ಬಾಯಿ ತೆರೆದಳು, ಅತ್ತೆ, ನಾನು ಆಕ್ಲೆಂ —

ಅಷ್ಟರಲ್ಲಿ ಬುಟ್ಟಿಯಲ್ಲಿದ್ದ ಅತ್ತೆಯ ಫೋನು ಕುಣಿಯಿತು. ಕೈಯೆಲ್ಲ ಒದ್ದೆ, ಪಿಸಿಲಾ ಲಂಗಕ್ಕೆ ಕೈ ಒರೆಸಿಕೊಂಡು ತೆಗೆದು ಅತ್ತೆಯ ಕಿವಿಗೆ ಹಿಡಿದಳು, ಯಾರು, ಕೆಲೆಪಿಯಾ, ಹೇಳಪ್ಪ, ಎಂದಳು ಅತ್ತೆ, ಲೆಸಿಯೆಲಿ ಕೊಡತಿ ಕೆಳಗಿಟ್ಟಳು, ಫೋನಿನೊಳಗಿಂದ ಸಣ್ಣಗೆ, ಬಹಳ ಸಣ್ಣಗೆ, ಡಬ್ಬಿಯಲ್ಲಿ ಹಾಕಿದ ದುಂಬಿಯಂತೆ ಒಂದು ದನಿ, ಮಾತು ತಿಳಿಯದು, ಏರಿಳಿತ ಮಾತ್ರ, ಗಂಡಸಿನ ದನಿ, ಯಾವಾಗ ಇಷ್ಟು ದಪ್ಪವಾಯಿತು? ಹೂಂ, ಹೂಂ, ಎಂದಳು ಅತ್ತೆ, ಹೌದಾ, ಯಾವಾಗ, ಅಯ್ಯೋ ನನ್ನ ಕಂದ, ದೇವರು ನಿನ್ನ ಚೆನ್ನಾಗಿಟ್ಟಿರಲಿ. ದುಂಬಿ ನಿಂತಿತು. ಅತ್ತೆ ಸುತ್ತ ನೋಡಿದಳು, ಸಭೆಯಲ್ಲಿ ಎದ್ದು ನಿಂತವರ ಠೀವಿ ಮುಖಕ್ಕೆ ಬಂದಿತ್ತು. ಕೇಳ್ರೇ. ತಂಗಿ ಓದೋಕೆ ಬಂದರೆ ಇರಲಿ ಅಂತ ನನ್ನ ತಮ್ಮನ ಮಗ ಮನೆ ಬಿಟ್ಟುಕೊಟ್ಟಿದ್ದಾನೆ. ಎರಡೂ ಕೋಣೆಗೂ ಬಣ್ಣ ಹೊಡೆಸಿದ್ದಾನೆ, ಓದೋಕೆ ಮೇಜು ತಂದಿಟ್ಟಿದ್ದಾನೆ, ತಂಗಿ ಇರೋ ಹಿತ್ತಲಲ್ಲಿ ಗಂಡು ಸುಳೀಬಾರದು ಅಂತ ಆ ಊರೇ ಬಿಟ್ಟು ದಕ್ಷಿಣದ ತುದಿಗೆ ಹೊರಟಿದ್ದಾನೆ, ಹಸುವಿನ ಫಾರಮ್ಮಂತೆ, ಹಿಮ ಬೀಳೋ ಸೀಮೆ, ಈ ಭಾನುವಾರ ಚರ್ಚು ಮುಗಿಸಿ ಬಸ್ಸು ಹತ್ತುತ್ತಾನಂತೆ. ಈಗಿನ ಕಾಲದಲ್ಲಿ ಯಾರಿಗಿದ್ದಾನ್ರೇ ಇಂಥ ಅಣ್ಣ! ಅಯ್ಯೋ ಪಾಪ, ಮೀನು ಹಿಡಿಯೋನು ಹಸು ಹಿಂಡೋಕೆ ಹೋದನಾ, ಎಂದಳು ಪಿಸಿಲಾ, ನಗಲಿಲ್ಲ. ಚಿತ್ರ ಕಳಿಸಿದ್ದಾನೆ ನೋಡು, ಎಂದು ಅತ್ತೆ ಗಲ್ಲದಿಂದ ಫೋನಿನ ಕಡೆ ತೋರಿಸಿದಳು, ಪಿಸಿಲಾ ಅದನ್ನು ಲೆಸಿಯೆಲಿಯ ಮುಖದ ಮುಂದೆ ಹಿಡಿದಳು, ಬಿಳಿ ಗೋಡೆ, ಕಿಟಕಿಗೆ ಹೂವಿನ ಪರದೆ, ಕತ್ತು ಬಗ್ಗಿಸಿದ ದೀಪ, ಮೇಜಿನ ಮೇಲೆ ಇನ್ನೂ ಪ್ಲಾಸ್ಟಿಕ್ ಬಿಚ್ಚದ ಎರಡು ಪುಸ್ತಕ, ಅಷ್ಟು ಅಚ್ಚುಕಟ್ಟು, ಅಷ್ಟು ಖಾಲಿ, ಒಂದು ಅಂಗಿ ಕೂಡ ಮರೆತು ಬಿಟ್ಟಿಲ್ಲ, ಇಲ್ಲಿ ಒಬ್ಬ ಇದ್ದ ಎನ್ನಲು ಒಂದು ಕೂದಲೂ ಇಲ್ಲ.

ಹಾಗಾದರೆ ಆಕ್ಲೆಂಡಿಗೆ ಹೋದರೆ ಅವನು ಆಕ್ಲೆಂಡಿನಲ್ಲಿಲ್ಲ. ಎಷ್ಟು ಸರಳ. ಅವಳು ಎಲ್ಲಿಗೆ ಹೆಜ್ಜೆ ಇಡುತ್ತಾಳೋ ಅಲ್ಲಿಂದ ಅವನು ಕಾಲು ತೆಗೆಯುತ್ತಾನೆ, ಪ್ರೀತಿಯಿಂದಲೇ, ಹೆಚ್ಚು ಪ್ರೀತಿಯಾದರೆ ಹೆಚ್ಚು ದೂರ, ಇದನ್ನು ಗೆರೆ ಎಳೆದು ತೋರಿಸಬಹುದು. ಹೂಂ ಅಂದರೆ ಅವನು ಕತ್ತಲಿರುವಾಗಲೇ ಎದ್ದು ಹಿಮದಲ್ಲಿ ಹಸುಗಳ ಹಿಂದೆ ನಡೆಯುತ್ತಾನೆ, ಸಮುದ್ರ ಕಾಣದೆ, ಮಾವನ ದೋಣಿ ಮಗುಚಿಕೊಂಡು ಬಿದ್ದಿರುತ್ತದೆ. ಒಲ್ಲೆ ಅಂದರೆ, ಕ್ಯಾನ್‌ಬೆರಾ ಅಂದರೆ, ಅಣ್ಣ ಬಿಟ್ಟುಕೊಟ್ಟ ಮನೆಯನ್ನು ತಂಗಿ ಕಾಲಲ್ಲಿ ಒದ್ದಳು, ಊರು ಅನ್ನುತ್ತದೆ, ಅವನು ಏನೂ ಅನ್ನುವುದಿಲ್ಲ, ತಲೆ ಇನ್ನೂ ಒಂದು ಗೇಣು ತಗ್ಗುತ್ತದೆ. ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು, ತೆಗೆದುಕೊಂಡದ್ದನ್ನು ಇಟ್ಟುಕೊಳ್ಳಬಾರದು, ಅವಳದೇ ಪ್ರಬಂಧದ ಸಾಲು, ಬಟ್ಟೆ ಬಂದ ಬಾಗಿಲಿಂದಲೇ ವಾಪಸು ಹೋದರೆ ಅವಮಾನ, ಬೇರೆ ಬಾಗಿಲಿಂದ ಹೋದರೆ ಉಡುಗೊರೆ — ಬೇರೆ ಬಾಗಿಲು. ಅತ್ತೇ, ಎಂದಳು. ತನ್ನ ದನಿ ತನಗೇ ಬೇರೆಯವರದೆನಿಸಿತು, ಅತ್ತೆಯ ದನಿಯಂತಿತ್ತು. ಅತ್ತೇ, ಆ ಮನೆ ಅವನು ನನಗೆ ಕೊಟ್ಟ ಹಾಗಾಯ್ತಲ್ವಾ? ಕೊಟ್ಟ ಹಾಗೇನು, ಕೊಟ್ಟೇಬಿಟ್ಟ. ಹಾಗಾದರೆ ನಾನು ತಗೊಂಡೆ ಅನ್ನಿ ಅವನಿಗೆ. ತಲೆ ಮೇಲೆ ಹೊತ್ತುಕೊಂಡು ತಗೊಂಡೆ ಅನ್ನಿ. ಭೇಷ್, ಎಂದಳು ಅತ್ತೆ. ಈಗ ಅದು ನನ್ನ ಮನೆ, ಅಲ್ವಾ, ನನ್ನ ಮನೆಯನ್ನ ಯಾರು ನೋಡಿಕೊಳ್ಳಬೇಕು ಅಂತ ನಾನು ಹೇಳಬಹುದಲ್ವಾ, ತಂಗಿ ಮಾತನ್ನ ಅಣ್ಣ ಮೀರೋ ಹಾಗಿಲ್ಲ ಅಂತ ನೀವೇ ಹೇಳಿಕೊಟ್ಟಿದ್ದೀರಿ. ನಾನು ಓದು ಮುಗಿಸಿ ಬರೋವರೆಗೆ ನನ್ನ ಮನೆಯನ್ನ ಅವನೇ ಕಾಯಲಿ. ಅವನಲ್ಲದೆ ಬೇರೆಯವರು ಅಲ್ಲಿ ಮಲಗಕೂಡದು. ಮತ್ತೆ ನೀನೆಲ್ಲಿರ್ತೀಯೇ? ಕ್ಯಾನ್‌ಬೆರಾದಲ್ಲಿ, ಎಂದಳು ಲೆಸಿಯೆಲಿ.

ಅತ್ತೆ ಅವಳನ್ನು ದಿಟ್ಟಿಸಿ ನೋಡಿದಳು, ಬೈಯುವ ಮುಖ ಮೊದಲು ಬಂತು, ಅದು ಅರ್ಧಕ್ಕೇ ನಿಂತು ಬೇರೇನೋ ಆಯಿತು, ಅಂಗಳದ ಆಚೆ ಬಲೆಯ ಗಂಟು ಬಿಡಿಸುತ್ತ ಅಪ್ಪ ಇವರಿಗೆ ಬೆನ್ನು ಹಾಕಿ ಕೂತಿದ್ದ, ಅಕ್ಕ ಬಂದಾಗೆಲ್ಲ ಕೂರುವಂತೆ, ಅತ್ತೆಯ ಕಣ್ಣು ಆ ಬೆನ್ನಿನ ಮೇಲೆ ಸ್ವಲ್ಪ ಹೊತ್ತು ಇದ್ದು ಬಂತು. ನಿಮ್ಮಪ್ಪನಿಗೆ ಹಲ್ಲು ಎಷ್ಟು ಉಳಿದಿದೆಯೇ, ಎಂದು ಕೇಳಿದಳು. ಏನತ್ತೆ? ಏನಿಲ್ಲ, ನಕ್ಕಿದ್ದು ನೋಡಿ ಬಹಳ ಕಾಲ ಆಯ್ತು, ಗೋಡೆಯಾಚೆಯಿಂದ ಕೇಳ್ತೀನಿ ಅಷ್ಟೆ. ಕಳ್ಳಿ, ವಕೀಲಿಕೆ ಓದಬೇಕಿತ್ತು ನೀನು. ಫೋನು ಕೊಡೇ ಪಿಸಿಲಾ. ಅತ್ತೆ ಮಾತಾಡಿದಳು, ಕೆಲೆಪಿ, ನಿನ್ನ ತಂಗಿ ಅಪ್ಪಣೆ ಕೊಟ್ಟಿದ್ದಾಳೆ, ಕಿವಿಕೊಟ್ಟು ಕೇಳು, ಎಂದು ಶುರುಮಾಡಿ ಎಲ್ಲ ಹೇಳಿದಳು, ಆ ಕಡೆ ದುಂಬಿ ಒಂದೇ ಒಂದು ಸಲ ಗುಂಯ್ ಎಂದಿತು. ಹೂಂ ಅಂದ, ಎಂದಳು ಅತ್ತೆ. ಅಷ್ಟೇನಾ? ಅಷ್ಟೇ. ಆಮೇಲೆ ಕಾಂಗರೂನ ಮಾತ್ರ ಮದುವೆಯಾಗಬೇಡ್ವೇ ತಾಯಿ ಎಂದು ಪಿಸಿಲಾ ಮೂಗು ಸೀಟಿದಳು, ಅತ್ತೆ ನುಕುಅಲೋಫಾದ ನಂಬರು ಒತ್ತಿಸಿದಳು, ಬೆಲ್ಲದ ದನಿ ಬಂತು, ಹೇಳು ಮಗಳೇ, ಯಾವುದು? ಕ್ಯಾನ್‌ಬೆರಾ ಎಂದಳು, ಇನ್ನೊಂದು ಸಲ, ಎರಡನೆಯ ಸಲ ಹೇಳುವಾಗ ಅದು ಊರಿನಂತೆ ಕೇಳಿಸಿತು, ಇಸ್ತ್ರಿ ಮಾಡಿದ ನೀರು, ಬಿಳಿ ಹುಲ್ಲು, ಯಾವ ಗೋಡೆಯಾಚೆಯೂ ಯಾರೂ ಕೆಮ್ಮದ ಕೋಣೆ, ಬಿಟ್ಟುಹೋದದ್ದು ಬೆಲೆ, ಗೊತ್ತು ಸಾರ್, ಗೊತ್ತು, ಆದರೆ ಶನಿವಾರ ದೋಣಿ ನೀರಿಗಿಳಿಯುತ್ತದೆ.

ಇನ್ನೊಂದು ಚಿತ್ರ ಇದೆ ಕಣೇ ಇದರಲ್ಲಿ, ಬೀಗದ ಕೈ ಹೊರಗೆ ತೂಗುಹಾಕಿದ್ದೀನಿ, ಅವಳ ಕೈಗೆ ಎಟುಕೋ ಹಾಗೇ ಇದೆ ಅಂತಿದ್ದ ಆಗ, ನನಗೆ ಕಾಣಿಸ್ತಿಲ್ಲ, ಎಲ್ಲಿಟ್ಟಿದ್ದಾನೆ ನೋಡು, ಎಂದು ಅತ್ತೆ ಕಣ್ಣು ಕಿರಿದು ಮಾಡಿ ಫೋನನ್ನು ಅವಳ ಒದ್ದೆ ಕೈಗೇ ಕೊಟ್ಟುಬಿಟ್ಟಳು, ಪಿಸಿಲಾ ಮತ್ತೆ ಬಡಿಯತೊಡಗಿದಳು, ಟಕ್ ಟಕ್, ಹಲಗೆಯ ಬಾಗಿಲು, ಹಸಿರು ಬಣ್ಣ, ಹಿಡಿ, ಹಿಡಿಯ ಮೇಲೆ ಏನೂ ಇಲ್ಲ, ಚೌಕಟ್ಟಿನ ಮೇಲೆ ಏನೂ ಇಲ್ಲ, ನಿಂತವರ ಕಣ್ಣಿನ ಎತ್ತರದಲ್ಲಿ ಏನೂ ಇಲ್ಲ, ಭುಜದ ಎತ್ತರದಲ್ಲಿ ಏನೂ ಇಲ್ಲ, ಎರಡು ಬೆರಳಿಂದ ಚಿತ್ರ ದೊಡ್ಡದು ಮಾಡಿ ಕೆಳಗೆ ಸರಿಸಿದಳು, ಇನ್ನೂ ಕೆಳಗೆ, ಹಿಡಿಗಿಂತ ಕೆಳಗೆ, ದೊಡ್ಡವರ ಸೊಂಟಕ್ಕೆ ತಾಗುವ ಕಡೆ, ನಾಯಿಗೆ ಬಡಿಸಿಟ್ಟ ಹಾಗೆ, ಹೊಸದು, ತಲೆ ಇನ್ನೂ ಹೊಳೆಯುತ್ತಿದೆ, ಅದರಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ — ಟಕ್ — ಕಿಟಕಿಯಿಂದ ಕೂಗಿದವಳು, ತಿರುಗಿ ನೋಡಿದ ಆ ಒಂದು ಸಲ, ಪೂರ್ತಿ ಮುಖ, ಅಷ್ಟೇ ಅವನು ನೋಡಿದ್ದು, ಅಷ್ಟೇ ಎತ್ತರ ಅವನಿಗೆ ಗೊತ್ತಿರುವುದು, ಬಿಳಿ ನಿಲುವಂಗಿ ಮೊಣಕಾಲು ಮುಟ್ಟದೇ ಹೋದದ್ದು ಅಂಗಡಿಯವರ ತಪ್ಪಲ್ಲ — ಟಕ್ — ಸಿಕ್ಕಿತೇನೇ, ಎಂದಳು ಅತ್ತೆ. ಸಿಕ್ಕಿತು. ಎಲ್ಲಿದೆ? ಅಲ್ಲೇ, ಬಾಗಿಲ ಪಕ್ಕ, ಮೊಳೆ, ಅಷ್ಟು ತಗ್ಗಿನಲ್ಲಿ, ಕೈ ಚಾಚಿದರೆ ಎಟುಕುವ ಹಾಗೆ, ಪುಟ್ಟ ಹುಡುಗಿ ಕೈ ಚಾಚಿದರೆ, ಮೊಳೆ, ಅಷ್ಟು ತಗ್ಗಿನಲ್ಲಿ, ಮೊಳೆ